ಲ್ಯಾಪ್‌ಟಾಪ್ ಪುಣೆಗೆ ಹೋದ ಮೇಲೆ: ಒಂದು ಸಿಂಥ್‌ಪಾಪ್ ತಂಡದ ಪ್ರಕರಣ

ಇದು ಹುಬ್ಬಳ್ಳಿ-ಧಾರವಾಡದ ಒಂದು ಸಿಂಥ್‌ಪಾಪ್ ತಂಡದ ಪ್ರಕರಣ. ಸಿಂಥ್‌ಪಾಪ್ ಅಂದರೆ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ, ಡ್ರಮ್ ಮಷೀನು, ಕಂಪ್ಯೂಟರ್ ಇಟ್ಟುಕೊಂಡು ಕಟ್ಟುವ ಪಾಪ್ ಸಂಗೀತ. 2021ರ ಕೊನೆಯಲ್ಲಿ ಶುರುವಾದ ತಂಡ 2024ರ ಮಳೆಗಾಲದ ಹೊತ್ತಿಗೆ ಮುಗಿಯಿತು. ಊರು ನಿಜ. ತಂಡದ ಹೆಸರು, ಹಾಡುಗಳು, ಕಾಲೇಜು, ಕಾರ್ಯಕ್ರಮಗಳ ವಿವರಗಳಲ್ಲಿ ಗುರುತು ಸಿಗುವಂಥದ್ದನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ತಂಡದವರು ಓದಿ ಒಪ್ಪಿದ ಮೇಲೆಯೇ ಇದನ್ನು ಹೊರಗೆ ಬಿಡುತ್ತಿದ್ದೇನೆ. ನನ್ನದು ಸೌಂಡ್ ಸರ್ವಿಸ್, ಜೊತೆಗೊಂದು ಸಣ್ಣ ರೆಕಾರ್ಡಿಂಗ್ ರೂಮು. ಅವರ ಎಷ್ಟೋ ಕಾರ್ಯಕ್ರಮಗಳಿಗೆ ಸ್ಪೀಕರ್ ಕೊಟ್ಟವನೂ ನಾನೇ, ಕೊನೆಗೆ ಜಗಳ ಬಿಡಿಸಲು ಕೂತವನೂ ನಾನೇ.

ತಂಡ ಒಡೆಯಿತು ಅಂದರೆ ಜನ ಎರಡೇ ಕಾರಣ ಹುಡುಕುತ್ತಾರೆ, ರೊಕ್ಕ ಇಲ್ಲವೆ ಸೊಕ್ಕು. ಇಲ್ಲಿ ಎರಡೂ ಬಂದವು, ಆದರೆ ತಡವಾಗಿ ಬಂದವು. ಅಷ್ಟರೊಳಗೆ ಇಡೀ ತಂಡ ಒಂದು ಯಂತ್ರದೊಳಗೆ ಹೋಗಿ ಕೂತುಬಿಟ್ಟಿತ್ತು. ರಾಕ್ ಬ್ಯಾಂಡಿನ ಡ್ರಮ್ಮರ್ ಬಿಟ್ಟುಹೋದರೆ ಇನ್ನೊಬ್ಬ ಸಿಗುತ್ತಾನೆ, ಹಾಡು ಉಳಿದವರ ಕೈಯಲ್ಲಿ, ಬಾಯಲ್ಲಿ ಇರುತ್ತದೆ. ಸಿಂಥ್‌ಪಾಪ್‌ನಲ್ಲಿ ವಾದ್ಯ, ವಾದ್ಯಸಂಯೋಜನೆ, ರೆಕಾರ್ಡಿಂಗ್ ಮೂರೂ ಒಂದೇ ಫೈಲು. ಫೈಲು ಯಾರ ಹತ್ತಿರ ಇದೆಯೋ ತಂಡವೂ ಅವರ ಹತ್ತಿರ. ಇದು ಈ ಹುಡುಗರ ಗಮನಕ್ಕೆ ಬರುವ ಹೊತ್ತಿಗೆ ಫೈಲು ಪುಣೆಯಲ್ಲಿತ್ತು.

ಮೂವರು, ಒಂದು ರೂಮು

ಗಾಯಕಿ ಧಾರವಾಡದವಳು, ಚಿಕ್ಕಂದಿನಿಂದ ಹಿಂದೂಸ್ತಾನಿ ಕಲಿತವಳು. ಎರಡನೆಯವನು ಕೀಬೋರ್ಡ್ ನುಡಿಸುತ್ತಿದ್ದ, ಸಾಹಿತ್ಯವೂ ಅವನದೇ. ಮೂರನೆಯವನು ಎಂಜಿನಿಯರಿಂಗ್ ವಿದ್ಯಾರ್ಥಿ, ಅವನನ್ನು ಪ್ರೋಗ್ರಾಮರ್ ಅನ್ನೋಣ. ಏಬಲ್ಟನ್ ಲೈವ್ ಎಂಬ ಸಾಫ್ಟ್‌ವೇರಿನಲ್ಲಿ ಬೀಟು, ಬೇಸು, ಹಿಂದೆ ಹಾಸಿದಂತೆ ನಿಲ್ಲುವ ಉದ್ದನೆಯ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು), ಎಲ್ಲ ಕಟ್ಟುವುದು ಅವನ ಕೆಲಸ. ರಿಹರ್ಸಲ್ ವಿದ್ಯಾನಗರದಲ್ಲಿ ಅವನು ಬಾಡಿಗೆಗಿದ್ದ ರೂಮಿನಲ್ಲಿ. ಉಳಿದಿಬ್ಬರು ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಕೀಬೋರ್ಡ್ ಹೊತ್ತುಕೊಂಡು ಬರುತ್ತಿದ್ದರು.

ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರ ಊರಿನಲ್ಲಿ ಸಿಂಥ್‌ಪಾಪ್ ಯಾಕೆ ಅಂತ ಹಿರಿಯರೊಬ್ಬರು ನನ್ನನ್ನೇ ಕೇಳಿದ್ದರು. ಮುಂಬೈಯ ಚರಣಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಕಂಪನಿಯ ಡ್ರಮ್ ಮಷೀನು, ಬೇಸ್ ಮಷೀನು, ಸಿಂಥಸೈಜರ್ ಇಟ್ಟುಕೊಂಡು ರಾಗಗಳ ಒಂದು ಪೂರ್ತಿ ರೆಕಾರ್ಡ್ ಮಾಡಿದ್ದರು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಅದು ಮರುಮುದ್ರಣವಾದಾಗ ಜಗತ್ತು ಬೆರಗಾಯಿತು. ಪ್ರೋಗ್ರಾಮರ್‌ಗೆ ಅದರ ಹುಚ್ಚು. ಕೀಬೋರ್ಡಿನವನಿಗೆ ಬ್ರಿಟನ್ನಿನ ಎಂಬತ್ತರ ದಶಕದ ತಂಡಗಳ ಹುಚ್ಚು, ಅದರಲ್ಲೂ ಯಾಜೂ. ಡಿಪೆಶ್ ಮೋಡ್ ತಂಡದಿಂದ ಹೊರಬಂದ ವಿನ್ಸ್ ಕ್ಲಾರ್ಕ್ ಯಂತ್ರಗಳ ಮುಂದೆ, ಆಲಿಸನ್ ಮೊಯೆ ಮೈಕಿನ ಮುಂದೆ. ಎರಡು ಆಲ್ಬಂ ಮಾಡಿ 1983ರಲ್ಲಿ ಮುಗಿದುಹೋದ ಜೋಡಿ ಅದು. ತಣ್ಣಗಿನ ಯಂತ್ರದ ಮೇಲೆ ಬಿಸಿಯಾದ ದನಿ, ಇವರಿಗೆ ಬೇಕಾಗಿದ್ದದ್ದೂ ಅಷ್ಟೇ.

ಮೊದಲ ತೊಡಕು ಶ್ರುತಿಯದ್ದು, ಅದನ್ನು ಅವರು ಚೆನ್ನಾಗಿ ಬಿಡಿಸಿಕೊಂಡರು. ಕೀಬೋರ್ಡಿನ ಶುದ್ಧ ಗಾಂಧಾರ ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಏರು. ಕೀಬೋರ್ಡಿನ ಅಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್ ಇರುತ್ತದೆ ಎಂದರೆ ಇದು ಎಷ್ಟು ಅಂತ ಅಂದಾಜಾದೀತು. ಸಾಮಾನ್ಯ ಕಿವಿಗೆ ತಿಳಿಯದು, ತಂಬೂರಿ ಜೊತೆ ಬೆಳೆದವಳಿಗೆ ಚುಚ್ಚುತ್ತದೆ. ಆಲಾಪದಲ್ಲಿ ಆಕೆ ಗಾಂಧಾರದ ಮೇಲೆ ನಿಂತಾಗಲೆಲ್ಲ ಹಿಂದಿನ ಕಾರ್ಡ್ ಜೊತೆ ತಿಕ್ಕಾಟ. ಆಕೆಯನ್ನು ಕೀಬೋರ್ಡಿಗೆ ಒಗ್ಗಿಸುವ ಬದಲು ಪ್ರೋಗ್ರಾಮರ್ ಆ ಜಾಗಗಳಲ್ಲಿ ಕಾರ್ಡಿನಿಂದ ಗಾಂಧಾರವನ್ನೇ ತೆಗೆದುಬಿಟ್ಟ. ಉಳಿದದ್ದು ಷಡ್ಜ, ಪಂಚಮ ಮಾತ್ರ. ಬಯಲಿನಂಥ ಆ ಖಾಲಿ ಸದ್ದೇ ತಂಡದ ಗುರುತಾಯಿತು. ಈ ನಿರ್ಧಾರವನ್ನು ಮರೆಯಬೇಡಿ. ಎರಡು ವರ್ಷದ ನಂತರ "ಈ ಹಾಡು ಯಾರದು" ಎಂಬ ಜಗಳದಲ್ಲಿ ಇದೇ ತಿರುಗಿ ಬಂತು.

ಮೈದಾನದಲ್ಲಿ ಮಾಯವಾದ ಹಾಡು

ರೂಮಿನಲ್ಲಿ ಹೆಡ್‌ಫೋನ್ ಹಾಕಿ ಕಟ್ಟಿದ ಹಾಡು ಮೈದಾನಕ್ಕೆ ಬಂದಾಗ ಏನಾಗುತ್ತದೆ ಎಂಬುದು ಈ ಸಂಗೀತದ ಹಳೆಯ ಗೋಳು. ಅವರ ಮೊದಲ ದೊಡ್ಡ ಕಾರ್ಯಕ್ರಮ ಒಂದು ಕಾಲೇಜಿನ ವಾರ್ಷಿಕೋತ್ಸವ. ಸಿಸ್ಟಮ್ ಕಾಲೇಜಿನವರದ್ದೇ, ನಮ್ಮದು ಲೈಟಿಂಗ್ ಮಾತ್ರ, ಹಾಗಾಗಿ ನಾನು ಬದಿಯಲ್ಲಿ ನಿಂತು ನೋಡುತ್ತಿದ್ದೆ. ಹಾಡು ಶುರುವಾಯಿತು. ಧಬ್ ಧಬ್ ಅಂತ ಕಿಕ್ಕು, ಕೆಳಗೆ ಬೇಸು, ಮೇಲೆ ಹುಡುಗಿಯ ದನಿ. ನಡುವೆ ಇರಬೇಕಾದದ್ದೆಲ್ಲ ಮಾಯ. ಕಾರಣ ಸರಳ. ಮೈದಾನದಲ್ಲಿ ಒಂದು ಬದಿ ಕೂತವರಿಗೂ ಎಲ್ಲ ಕೇಳಲಿ ಅಂತ ಎಡ-ಬಲ ಎರಡನ್ನೂ ಕೂಡಿಸಿ ಮೋನೊ ಕೊಡುವುದು ರೂಢಿ. ಹೆಡ್‌ಫೋನಿನಲ್ಲಿ ಅಗಲವಾಗಿ ಕೇಳಲಿ ಅಂತ ಇವನು ಕಾರ್ಡ್‌ಗಳ ಒಂದು ಬದಿಯ ಫೇಸನ್ನು, ಅಂದರೆ ಸದ್ದಿನ ಅಲೆಯ ಏರಿಳಿತವನ್ನು, ತಿರುಗಿಸಿ ಇಟ್ಟಿದ್ದ. ಎಡ, ಬಲ ಕೂಡಿದಾಗ ಒಂದು ಇನ್ನೊಂದನ್ನು ಅಳಿಸಿಹಾಕಿತು. ನಟ್ಟನಡುವೆ ಇಟ್ಟಿದ್ದ ಕಿಕ್ಕು, ಬೇಸು, ದನಿ ಮಾತ್ರ ಉಳಿದವು.

ಅದಕ್ಕಿಂತ ಕೆಟ್ಟದ್ದು ಜನರ ಮಾತು. ವೇದಿಕೆ ಮೇಲೆ ಡ್ರಮ್ ಇಲ್ಲ, ಗಿಟಾರ್ ಇಲ್ಲ, ಒಬ್ಬ ಲ್ಯಾಪ್‌ಟಾಪ್ ನೋಡುತ್ತ ನಿಂತಿದ್ದಾನೆ. ನನ್ನ ಮುಂದಿನ ಸಾಲಿನಿಂದಲೇ ಬಂತು: "ಟ್ರ್ಯಾಕ್ ಹಾಕ್ಯಾರಲೇ." ಗಣೇಶೋತ್ಸವದ ಆರ್ಕೆಸ್ಟ್ರಾ ನೋಡಿ ಬೆಳೆದ ನಮ್ಮ ಜನಕ್ಕೆ ಟ್ರ್ಯಾಕ್ ಹಾಕಿ ಹಾಡುವವರೆಂದರೆ ಅರ್ಧ ಮೋಸ. ಆರ್ಕೆಸ್ಟ್ರಾ ಎಷ್ಟೇ ಹರಕು-ಮುರುಕು ಇರಲಿ, ಕೈ ಅಲ್ಲಾಡುವುದು ಕಣ್ಣಿಗೆ ಕಾಣಬೇಕು. ಈ ಅನುಮಾನ ಸುಳ್ಳೂ ಆಗಿರಲಿಲ್ಲ. ಆಗ ಅವರು ಹಾಡನ್ನು ಮೊದಲಿಂದ ಕೊನೆಯವರೆಗೆ ಒಂದೇ ಉದ್ದ ಟ್ರ್ಯಾಕ್ ಆಗಿ ಓಡಿಸುತ್ತಿದ್ದರು, ಲೈವ್ ಅಂತ ಇದ್ದದ್ದು ದನಿ ಮತ್ತು ಒಂದು ಕೀಬೋರ್ಡ್.

ಮೂರು ತಿದ್ದುಪಡಿ ಮಾಡಿಕೊಂಡರು. ಮೊದಲನೆಯದು, ಕಾರ್ಯಕ್ರಮಗಳಿಂದ ಬಂದ ಹಣ ಕೂಡಿಸಿ ಲ್ಯಾಪ್‌ಟಾಪಿನ ಸದ್ದನ್ನು ಬೇರೆ ಬೇರೆ ತಂತಿಗಳಲ್ಲಿ ಹೊರಗೆ ಕೊಡುವ, ನಾಲ್ಕು ಔಟ್‌ಪುಟ್ ಇರುವ ಆಡಿಯೊ ಇಂಟರ್‌ಫೇಸ್ ಕೊಂಡರು. ಬೀಟು ಒಂದು ತಂತಿಯಲ್ಲಿ, ಬೇಸು ಇನ್ನೊಂದರಲ್ಲಿ, ಕಾರ್ಡ್‌ಗಳು ಮೂರನೆಯದರಲ್ಲಿ ಮೋನೊ ಆಗಿಯೇ, ನಾಲ್ಕನೆಯದು ನುಡಿಸುವವರು ಲಯ ಹಿಡಿಯಲಿ ಅಂತ ಅವರ ಕಿವಿಗೆ ಮಾತ್ರ ಹೋಗುವ ಕ್ಲಿಕ್. ಎರಡನೆಯದು, ಪ್ರೋಗ್ರಾಮರ್‌ನ ಹಳೆಯ ಲ್ಯಾಪ್‌ಟಾಪಿನ ದಮ್ಮಿನ ಸಮಸ್ಯೆ. ಅಷ್ಟೊಂದು ಸಿಂಥ್ ಪ್ಲಗಿನ್‌ಗಳನ್ನು, ಅಂದರೆ ಏಬಲ್ಟನ್ ಒಳಗೆ ಸೇರಿಸಿಕೊಳ್ಳುವ ಸಾಫ್ಟ್‌ವೇರ್ ವಾದ್ಯಗಳನ್ನು, ಒಟ್ಟಿಗೆ ಓಡಿಸಲು ಅದರ ಬಫರನ್ನು, ಅಂದರೆ ಸದ್ದನ್ನು ಹೊರಬಿಡುವ ಮೊದಲು ಕೂಡಿಟ್ಟುಕೊಳ್ಳುವ ಜಾಗವನ್ನು, 512 ಸ್ಯಾಂಪಲ್‌ಗೆ ಏರಿಸಬೇಕಿತ್ತು. 44.1 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 11.6 ಮಿಲಿಸೆಕೆಂಡ್, ಒಳಗೆ ಹೋಗಿ ಹೊರಗೆ ಬರುವ ಒಟ್ಟು ತಡ ಇನ್ನೂ ಹೆಚ್ಚು. ಕೀಬೋರ್ಡ್ ಒತ್ತಿದ ಮೇಲೆ ಸ್ವರ ಎಳೆದುಕೊಂಡು ಬಂದಂತೆ ಅನಿಸುತ್ತಿತ್ತು. ಅದಕ್ಕೆ ಅವನು ಕೈಯಲ್ಲಿ ನುಡಿಸದ ಎಲ್ಲ ಟ್ರ್ಯಾಕುಗಳನ್ನು ಫ್ರೀಜ್ ಮಾಡತೊಡಗಿದ, ಅಂದರೆ ಪ್ಲಗಿನ್ ಉತ್ಪತ್ತಿ ಮಾಡುವ ಸದ್ದನ್ನು ಆಡಿಯೊ ಫೈಲಾಗಿ ಮಾಡಿ ಪ್ಲಗಿನ್ನಿಗೆ ವಿಶ್ರಾಂತಿ ಕೊಡುವುದು. ಬಫರ್ 128ಕ್ಕೆ ಇಳಿಯಿತು, ಸುಮಾರು 2.9 ಮಿಲಿಸೆಕೆಂಡ್. ಬರೀ ಬಡತನಕ್ಕೆ ಮಾಡಿಕೊಂಡ ಉಪಾಯ ಇದು. ಮುಂದೆ ಅರ್ಧ ಹಾಡುಗಳ ಜೀವ ಉಳಿಸಿದ್ದು ಇದೇ.

ಮೂರನೆಯದು ಮನುಷ್ಯರ ವಿಷಯ. ರಿದಂ ಪ್ಯಾಡ್ ನುಡಿಸುವವರೊಬ್ಬರನ್ನು ಕರೆತಂದರು. ಆರ್ಕೆಸ್ಟ್ರಾಗಳಲ್ಲಿ ವರ್ಷಗಟ್ಟಲೆ ನುರಿತವರು, ಈ ಮೂವರಿಗಿಂತ ಬಹಳ ಹಿರಿಯರು. ಹುಡುಗರು ಅವರನ್ನು ಅಣ್ಣಾರ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಕಿವಿಗೆ ಕ್ಲಿಕ್ ಹಾಕಿದಾಗ ಮೊದಲ ದಿನವೇ ತೆಗೆದಿಟ್ಟರು. "ತಮ್ಮಾ, ನಾ ಹಾಡಾವರ ಉಸುರು ನೋಡಿ ಬಾರಸಾಂವ. ಇದು ಟಿಕ್ ಟಿಕ್ ಅಂತ ನನಗ ಹುಕುಂ ಮಾಡತೈತಿ." ಮತ್ತೊಂದು ಮಾತು ಆಮೇಲೆ ಬಂತು: "ಮಂದಿ ಎದ್ದು ಕುಣ್ಯಾಕತ್ತಾಗ ನೀವು ಹಾಡಾ ಮುಗಸ್ತೀರಲ್ಲೋ."

ಈ ಮಾತನ್ನು ಪ್ರೋಗ್ರಾಮರ್ ಗಂಭೀರವಾಗಿ ತೆಗೆದುಕೊಂಡ. ನನ್ನ ಪ್ರಕಾರ ಈ ತಂಡದ ಇಡೀ ಬಾಳಿನಲ್ಲಿ ಅತ್ಯುತ್ತಮ ನಿರ್ಧಾರ ಅದೇ. ಉದ್ದ ಟ್ರ್ಯಾಕನ್ನು ಕತ್ತರಿಸಿ ಪಲ್ಲವಿ, ಚರಣ, ಆಲಾಪ, ಬಿಡಿ ಬೀಟು ಎಂದು ತುಂಡು ತುಂಡು ಕ್ಲಿಪ್‌ಗಳಾಗಿ ಜೋಡಿಸಿದ. ಯಾವ ತುಂಡು ಎಷ್ಟು ಸಲ ಸುತ್ತಬೇಕು ಎಂದು ವೇದಿಕೆ ಮೇಲೆಯೇ ತೀರ್ಮಾನಿಸಬಹುದು. ಗಾಯಕಿ ಕೈ ಎತ್ತಿದರೆ ಆಲಾಪ ಮುಂದುವರಿಯುತ್ತದೆ, ಅಣ್ಣಾರ ತಲೆ ಆಡಿಸಿದರೆ ಬೀಟು ಮಾತ್ರ ಉಳಿಯುತ್ತದೆ. ಕ್ಲಿಕ್‌ಗೆ ಅಣ್ಣಾರೂ ಒಗ್ಗಿಕೊಂಡರು. 2022ರ ಗಣೇಶೋತ್ಸವದಲ್ಲಿ ಒಂದು ಓಣಿಯ ಮಂಡಳಿಯವರು ಸಿನಿಮಾ ಹಾಡಿನ ನಡುವೆ ಇವರಿಗೂ ಒಂದಿಷ್ಟು ಹೊತ್ತು ಕೊಟ್ಟರು. ಬಾಯಿ ಬಿಟ್ಟುಕೊಂಡು ನೋಡಲು ಬಂದವರು ಕುಣಿಯತೊಡಗಿದರು. ಆ ರಾತ್ರಿ ಯಾರೂ ಟ್ರ್ಯಾಕ್ ಅಂದ ನೆನಪಿಲ್ಲ.

ಅದಾದ ಮೇಲೆ ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಕಾಲೇಜು ಫೆಸ್ಟ್, ಬೆಳಗಾವಿ, ಗದಗ, ಒಂದೆರಡು ಸಲ ಬೆಂಗಳೂರು. ಹಾಡು ರೆಕಾರ್ಡ್ ಮಾಡಿ ಸ್ಟ್ರೀಮಿಂಗ್‌ಗೆ ಬಿಡತೊಡಗಿದರು, ಎಲ್ಲ ಸೇರಿ ಮುಂದೆ ಒಂಬತ್ತಾದವು. ಮದುವೆ ರಿಸೆಪ್ಷನ್‌ಗಳಿಗೆ ಕರೆ ಬಂದಾಗ ಕೀಬೋರ್ಡಿನವನು ಬೇಡ ಅಂದ, ಉಳಿದವರು ಹೂಂ ಅಂದರು, ಒಂದೆರಡು ಮಾಡಿ ಬಿಟ್ಟರು.

ಅಣ್ಣಾರಿಗೆ ಪ್ರತಿ ಕಾರ್ಯಕ್ರಮಕ್ಕೆ ಇಷ್ಟು ಅಂತ ಪೇಮೆಂಟ್, ಮೂವರಿಗೆ ಉಳಿದದ್ದರಲ್ಲಿ ಸಮಪಾಲು. ಯಾವುದಕ್ಕೂ ಕಾಗದ ಇಲ್ಲ.

ಒಂದು ಇಮೇಲ್

2023ರ ಕೊನೆಗೆ ಪ್ರೋಗ್ರಾಮರ್‌ಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಶನಿವಾರ ಬಂದು ಹೋಗುತ್ತೇನೆ ಅಂದ, ಕೆಲವು ಸಲ ಬಂದ ಕೂಡ. ಮೊದಲ ಸಂಬಳಗಳಲ್ಲಿ ಜೋರು ಲ್ಯಾಪ್‌ಟಾಪ್ ಕೊಂಡ. ಹೊಸದರಲ್ಲಿ ಫ್ರೀಜ್ ಮಾಡುವ ಅವಶ್ಯಕತೆಯೇ ಬೀಳಲಿಲ್ಲ. ಆ ಹೊತ್ತಿಗೆ ಮಾಡಿದ ಕೊನೆಯ ನಾಲ್ಕು ಹಾಡುಗಳು ಪ್ಲಗಿನ್‌ಗಳನ್ನೇ ನಂಬಿಕೊಂಡು ನಿಂತವು.

ಅದೇ ಸಮಯಕ್ಕೆ ಬೆಂಗಳೂರಿನ ಒಂದು ಜಾಹೀರಾತು ಸಂಸ್ಥೆಯಿಂದ ಇಮೇಲ್ ಬಂತು. ಈ ತಂಡದ ಒಂದು ಹಾಡಿನ ಮೂವತ್ತು ಸೆಕೆಂಡ್ ಬೇಕು. ಕೊಡುವುದಾಗಿ ಹೇಳಿದ ಮೊತ್ತ ಈ ಹುಡುಗರು ಅಲ್ಲಿಯವರೆಗೆ ಕಂಡಿದ್ದಕ್ಕಿಂತ ದೊಡ್ಡದು. ಕೇಳಿದ್ದು ಎರಡೇ ಪ್ರಶ್ನೆ: ರೆಕಾರ್ಡಿಂಗಿನ ಮಾಲೀಕರು ಯಾರು, ಸಾಹಿತ್ಯ-ಸಂಗೀತದ ಮಾಲೀಕರು ಯಾರು. ಜೊತೆಗೆ ಸ್ಟ್ರೀಮಿಂಗ್‌ನಲ್ಲಿ ಈಗ ಇರುವ ವಿವರವನ್ನು ಅಂಟಿಸಿದ್ದರು. ಒಂಬತ್ತೂ ಹಾಡಿಗೆ ಸಂಗೀತ ಸಂಯೋಜಕ ಎಂಬಲ್ಲಿ ಒಂದೇ ಹೆಸರು, ಪ್ರೋಗ್ರಾಮರ್‌ನದು.

ಅವನು ಕದ್ದನೇ? ಇಲ್ಲ ಅಂತಲೇ ನನ್ನ ಅಭಿಪ್ರಾಯ. ಹಾಡುಗಳನ್ನು ಸ್ಟ್ರೀಮಿಂಗ್‌ಗೆ ತಲುಪಿಸುವ ವಿತರಕರ ಹತ್ತಿರ ಖಾತೆ ತೆರೆದವನು ಅವನು, ಅಪ್‌ಲೋಡ್ ಮಾಡಲು ಕೂತವನು ಅವನು. ಫಾರ್ಮಿನಲ್ಲಿ ಆ ಖಾನೆ ಕಡ್ಡಾಯ, ತನ್ನ ಹೆಸರು ಬರೆದು ಮುಂದೆ ಹೋದ. ಆದರೆ ರಾಗ ಕಟ್ಟಿದವಳು ತಾನು ಅಂತ ಗೊತ್ತಿದ್ದ ಗಾಯಕಿಗೆ ಅದು ಹೊರಗಿನವರ ಇಮೇಲಿನಲ್ಲಿ ಕಂಡಿತು. ಆಕೆ ಗ್ರೂಪಿನಲ್ಲಿ ಹಾಕಿದ್ದು ಒಂದೇ ಸಾಲು: "ನಾ ಏನ್ ಬರೇ ಬಾಡಿಗಿ ದನಿ ಏನು?" ವಾಟ್ಸಾಪ್‌ನಲ್ಲಿ ಇಂಥ ಮಾತಿಗೆ ಯಾರೂ ನೆಟ್ಟಗೆ ಉತ್ತರ ಕೊಟ್ಟದ್ದನ್ನು ನಾನಂತೂ ನೋಡಿಲ್ಲ. ಅವನು ಸ್ಕ್ರೀನ್‌ಶಾಟ್ ಹಾಕಿದ, ಆಕೆ ಗ್ರೂಪ್ ಬಿಟ್ಟಳು. ಜಾಹೀರಾತಿನವರು ಸ್ವಲ್ಪ ದಿನ ಕಾದು ಬೇರೆ ಹಾಡು ನೋಡಿಕೊಂಡರು.

ಬದಲಿ ಹುಡುಕಿದ್ದು

ಗಾಯಕಿ ಮತ್ತು ಕೀಬೋರ್ಡಿನವನು ಪ್ರೋಗ್ರಾಮರ್ ಇಲ್ಲದೆ ಮುಂದುವರಿಯಲು ನೋಡಿದರು. ಲ್ಯಾಪ್‌ಟಾಪ್ ಬಲ್ಲ ಇನ್ನೊಬ್ಬ ಹುಡುಗ ಸಿಕ್ಕ, ಕೆಲಸ ಚೆನ್ನಾಗಿ ಗೊತ್ತಿದ್ದವನೇ. ಸ್ಟ್ರೀಮಿಂಗ್‌ನಲ್ಲಿದ್ದ ಹಾಡು ಕೇಳಿ ಕೇಳಿ ಹೊಸದಾಗಿ ಕಟ್ಟಿದ. ಬೀಟು ಸರಿ, ಸ್ವರ ಸರಿ, ಸದ್ದು ಮಾತ್ರ ಬೇರೆ ಯಾರದೋ. ಕಾರ್ಡಿನಲ್ಲಿ ಗಾಂಧಾರ ಹಾಕಿದ್ದ. ಹಾಕಬಾರದು ಅಂತ ಅವನಿಗೆ ಹೇಳಿದವರಿಲ್ಲ, ಬರೆದಿಟ್ಟವರೂ ಇಲ್ಲ. ಆ ಹುಡುಗನ ಜೊತೆ ನಡೆದದ್ದು ಒಂದೇ ಕಾರ್ಯಕ್ರಮ. ಅಣ್ಣಾರ ಇಳಿದು ಬಂದು ನನ್ನ ಮಿಕ್ಸರ್ ಹತ್ತಿರ ನಿಂತು "ಕರೋಕೆ ಆತು" ಅಂದರು. ಅದೇ ತಂಡದ ಕೊನೆಯ ಕಾರ್ಯಕ್ರಮ.

ಕೂತು ಮಾತಾಡಿದ್ದು

ನನ್ನ ಹತ್ತಿರ ಬಂದದ್ದು ಅದರ ನಂತರ. ರೊಕ್ಕದ ಮಾತು ಆಮೇಲೆ, ಮೊದಲು ಹಾಡು ಹಾಡಾಗಿ ಪಟ್ಟಿ ಮಾಡೋಣ ಅಂದೆ. ಸಾಹಿತ್ಯ ಯಾರದು, ರಾಗ ಹಾಕಿದವರು ಯಾರು, ಪ್ರೋಗ್ರಾಮಿಂಗ್ ಯಾರದು, ಯಾರು ಏನು ನುಡಿಸಿದ್ದಾರೆ. ಆಶ್ಚರ್ಯ ಅಂದರೆ ಬೆನ್ನು ತಿರುಗಿಸಿ ಕೂತವರೂ ಈ ಪಟ್ಟಿಯಲ್ಲಿ ಬಹುಪಾಲು ಒಂದೇ ಉತ್ತರ ಕೊಟ್ಟರು. ನಡೆದದ್ದು ಏನು ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ, ನಡೆದದ್ದಕ್ಕೆ ಬೆಲೆ ಎಷ್ಟು ಎಂಬುದರಲ್ಲಿತ್ತು. ಪ್ರೋಗ್ರಾಮರ್ ವಾದ ಹೀಗೆ: "ನಾ ಕಟ್ಟಿದ ಸೌಂಡ್ ಇಲ್ಲಂದ್ರ ಇವು ಯಾವ ಭಾವಗೀತಿ ಬೇಕಾದ್ರೂ ಆಗ್ತಿದ್ವು. ಗಾಂಧಾರ ತಗದಾಂವ ನಾನು." ಗಾಯಕಿ ಕೂಡಲೇ ಹೇಳಿದಳು: "ತಗೀ ಅಂತ ಹೇಳಿದಾಕಿ ನಾನು."

ಇಬ್ಬರೂ ನಿಜ. ಸಿಂಥ್‌ಪಾಪ್‌ನಲ್ಲಿ ಸದ್ದೇ ಅರ್ಧ ಸಂಯೋಜನೆ, ಅವನ ಮಾತು ಕಲೆಯ ದೃಷ್ಟಿಯಿಂದ ಪೂರ್ತಿ ಸರಿ. ಆದರೆ ಕಾನೂನು ಅದನ್ನು ಬೇರೆ ಬಾಗಿಲಿನಿಂದ ಒಳಗೆ ಬಿಡುತ್ತದೆ. ಪರಿಚಯದ ವಕೀಲರು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಕೊಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಒಂದು ಹಾಡೆಂದರೆ ಮೂರು ಆಸ್ತಿ. ಸಾಹಿತ್ಯ ಒಂದು, ಸಂಗೀತ ಒಂದು, ಧ್ವನಿಮುದ್ರಣ ಒಂದು. ಧ್ವನಿಮುದ್ರಣದ ಮಟ್ಟಿಗೆ ಕಾಯ್ದೆ ಕರ್ತೃ ಅನ್ನುವುದು ನಿರ್ಮಾಪಕನನ್ನು, ಅಂದರೆ ಅದನ್ನು ಮಾಡುವ ಮುಂದಾಳತ್ವ ಮತ್ತು ಹೊಣೆ ಹೊತ್ತವನನ್ನು. 2012ರ ತಿದ್ದುಪಡಿಯ ನಂತರ ಸಾಹಿತ್ಯ, ಸಂಗೀತ ಮಾಡಿದವರು ರಾಯಲ್ಟಿಯಲ್ಲಿ ತಮ್ಮ ಸಮಪಾಲನ್ನು ಬೇರೆಯವರಿಗೆ ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ, ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. ಅದೇ ತಿದ್ದುಪಡಿಯಿಂದ ನುಡಿಸಿದವರಿಗೂ, ಅವರ ಪ್ರದರ್ಶನ ವಾಣಿಜ್ಯಕ್ಕೆ ಬಳಕೆಯಾದರೆ, ರಾಯಲ್ಟಿಯ ಹಕ್ಕಿದೆ.

ಹಾಗಾದರೆ ಧ್ವನಿಮುದ್ರಣ ಪ್ರೋಗ್ರಾಮರ್‌ನದೇ ಅಲ್ಲವೇ, ಅವನ ರೂಮು, ಅವನ ಲ್ಯಾಪ್‌ಟಾಪ್? ಮಾತು ಅಲ್ಲಿಗೇ ನಿಲ್ಲಬಹುದಿತ್ತು. ತಿರುಗಿಸಿದ್ದು ಇಂಟರ್‌ಫೇಸಿನ ರಸೀದಿ. ಅದನ್ನು ಕೊಂಡದ್ದು ಕಾರ್ಯಕ್ರಮದ ಹಣದಿಂದ. ಒಂದು ವ್ಯವಹಾರವನ್ನು ಸೇರಿ ನಡೆಸಿ ಲಾಭ ಹಂಚಿಕೊಳ್ಳಲು ಒಪ್ಪಿದ್ದರೆ 1932ರ ಪಾಲುದಾರಿಕೆ ಕಾಯ್ದೆಯ ಕಣ್ಣಿಗೆ ಅದು ಪಾಲುದಾರಿಕೆಯೇ, ಕಾಗದ ಇರಲೇಬೇಕೆಂದಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ಸಮಪಾಲು, ಸಂಸ್ಥೆಯ ಹಣದಿಂದ ಕೊಂಡದ್ದು ಸಂಸ್ಥೆಯ ಆಸ್ತಿ. ಇವರು ಎರಡು ವರ್ಷ ಸಮಪಾಲು ಹಂಚಿಕೊಂಡೇ ಇದ್ದರು. ವಕೀಲರು "ಕೋರ್ಟಿಗೆ ಹೋದ್ರ ಹಿಂಗ ಆಗತೈತಿ ಅಂತ ನಾ ಹೇಳೂದಿಲ್ಲ, ನೋಂದಣಿ ಆಗದ ಪಾಲುದಾರಿಕಿಗೆ ದಾವೆ ಹೂಡೂದೂ ತ್ರಾಸ" ಅಂತ ಎಚ್ಚರಿಸಿಯೇ ಇದನ್ನು ಹೇಳಿದರು. ಆದರೆ ಪ್ರೋಗ್ರಾಮರ್ ಮೊದಲ ಸಲ ಗೋಡೆಗೆ ಒರಗಿದ್ದು ಬಿಟ್ಟು ಮುಂದೆ ಬಾಗಿ ಕೂತದ್ದು ಆಗಲೇ.

ತಂಡದ ಹೆಸರಿನ ವಿಷಯದಲ್ಲಿ ಹಳೆಯದೊಂದು ಉದಾಹರಣೆ ಕೆಲಸಕ್ಕೆ ಬಂತು, ಎತ್ತಿದವನು ಕೀಬೋರ್ಡಿನವನು. 1980ರಲ್ಲಿ ಬ್ರಿಟನ್ನಿನ ಷೆಫೀಲ್ಡ್‌ನ ಹ್ಯೂಮನ್ ಲೀಗ್ ಎಂಬ ಸಿಂಥ್‌ಪಾಪ್ ತಂಡ ಒಡೆದಾಗ ಯಂತ್ರಗಳನ್ನು ಬಲ್ಲ ಮಾರ್ಟಿನ್ ವೇರ್, ಇಯಾನ್ ಕ್ರೇಗ್ ಮಾರ್ಷ್ ಇಬ್ಬರೂ ಹೊರಗೆ ಹೋಗಿ ಹೆವನ್ 17 ಕಟ್ಟಿದರು. ಹೆಸರು ಉಳಿದದ್ದು ಹಾಡುಗಾರ ಫಿಲ್ ಓಕಿ ಕೈಯಲ್ಲಿ, ಹೆಸರಿನ ಜೊತೆಗೆ ಸಾಲವೂ, ಒಪ್ಪಿಕೊಂಡಿದ್ದ ಪ್ರವಾಸವೂ. ಮರುವರ್ಷ ಗೆದ್ದದ್ದು ಅವನ ತಂಡವೇ. "ಹೆಸರು ಬೇಕಂದವರು ಸಾಲಾನೂ ತಗೋಬೇಕು" ಅಂದ ಇವನು. ಆಗ ತಂಡದ ಮೇಲೆ ಇದ್ದದ್ದು ನನ್ನ ಸೌಂಡಿನ ಬಾಕಿ, ಒಂದು ಮುಂಗಡ ಪಡೆದ ಕಾರ್ಯಕ್ರಮ. ಯಾರೂ ಕೈ ಎತ್ತಲಿಲ್ಲ. ಮೂವರೂ ಒಪ್ಪದೆ ಯಾರೊಬ್ಬರೂ ಆ ಹೆಸರು ಬಳಸುವಂತಿಲ್ಲ ಎಂದು ಬರೆದು, ಮುಂಗಡ ವಾಪಸ್ ಮಾಡಿದೆವು.

ಫೈಲು ತೆರೆದಾಗ

ಮುಂದಿನ ಕೆಲಸ ಹಾಡುಗಳನ್ನು ಲ್ಯಾಪ್‌ಟಾಪಿನಿಂದ ಹೊರಗೆ ತರುವುದು. ಪ್ರೋಗ್ರಾಮರ್ ಒಪ್ಪಿ ಹಾರ್ಡ್ ಡಿಸ್ಕಿನಲ್ಲಿ ಒಂಬತ್ತೂ ಪ್ರಾಜೆಕ್ಟ್ ಕೊಟ್ಟ. ನನ್ನ ರೂಮಿನ ಕಂಪ್ಯೂಟರಿನಲ್ಲಿ ತೆರೆದೆವು. ಹಳೆಯ ಐದು ಹಾಡುಗಳು ತೆರೆದುಕೊಂಡವು, ಪ್ಲಗಿನ್ ಇಲ್ಲ ಅನ್ನುವ ಸೂಚನೆ ಸಾಲುಸಾಲಾಗಿ ಬಂದರೂ ಹಾಡಿದವು. ಫ್ರೀಜ್ ಆದ ಟ್ರ್ಯಾಕಿಗೆ ಪ್ಲಗಿನ್ ಬೇಡ, ಅದರ ಸದ್ದು ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಆಡಿಯೊ ಆಗಿ ಕೂತಿರುತ್ತದೆ. ಬಡ ಲ್ಯಾಪ್‌ಟಾಪಿನ ಪುಣ್ಯ. ಅವನ್ನೆಲ್ಲ ಒಂದೊಂದು ಟ್ರ್ಯಾಕಾಗಿ ವೇವ್ ಫೈಲಿಗೆ ಇಳಿಸಿ, ಸ್ವರಗಳನ್ನು ಮಿಡಿ ಫೈಲಾಗಿ ತೆಗೆದು, ಮೂವರಿಗೂ ಒಂದೊಂದು ಪ್ರತಿ ಕೊಟ್ಟೆ.

ಹೊಸ ಲ್ಯಾಪ್‌ಟಾಪಿನ ನಾಲ್ಕು ಹಾಡು ತೆರೆದಾಗ ದನಿ ಮಾತ್ರ ಕೇಳಿತು, ಜೊತೆಗೆ ಅಲ್ಲೊಂದು ಇಲ್ಲೊಂದು ತಾಳದ ತುಣುಕು. ಉಳಿದದ್ದು ಖಾಲಿ ಪಟ್ಟಿಗಳು. ಆ ಸದ್ದುಗಳನ್ನು ಕಟ್ಟಿದ್ದ ಪ್ಲಗಿನ್‌ಗಳಲ್ಲಿ ಕೆಲವು ಟ್ರಯಲ್ ಆವೃತ್ತಿ, ಅವಧಿ ಮುಗಿದಿತ್ತು. ಕೆಲವನ್ನು ಅವನು ಎಲ್ಲಿಂದ ಇಳಿಸಿಕೊಂಡಿದ್ದ ಅಂತ ನಾನು ಕೇಳಲಿಲ್ಲ. ನಡುವೆ ಒಮ್ಮೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿದ್ದ. ಹಾಗಾಗಿ ಆ ಹಾಡುಗಳು ಈಗ ಅವನ ಯಂತ್ರದಲ್ಲೂ ಪೂರ್ತಿ ತೆರೆಯುವುದಿಲ್ಲ. ಎಡ-ಬಲ ಎರಡು ಚಾನೆಲ್ಲಿನ ಕೊನೆಯ ಮಿಕ್ಸ್ ಉಳಿದಿದೆ, ಕೇಳಬಹುದು. ವೇದಿಕೆಗೆ ತುಂಡು ಮಾಡಲು, ಮೂವತ್ತು ಸೆಕೆಂಡಿಗೆ ಹೊಸ ಮಿಕ್ಸ್ ಕೊಡಲು ಬರುವುದಿಲ್ಲ. ಜಾಹೀರಾತಿನವರು ಕೇಳಿದ್ದು ಈ ನಾಲ್ಕರಲ್ಲೇ ಒಂದು. ಅಂದರೆ ಮೂವರೂ ಅಂದೇ ಸಹಿ ಹಾಕಿದ್ದರೂ ಅವರು ಬೇಡಿದ ರೂಪದಲ್ಲಿ ಹಾಡು ಕೊಡಲು ಹೆಣಗಬೇಕಾಗುತ್ತಿತ್ತು.

ಇದನ್ನು ನೋಡಿದ ಮೇಲೆ ನನ್ನ ರೂಮಿನಲ್ಲಿ ಒಂದು ನಿಯಮ ಬಂದಿದೆ. ರೆಕಾರ್ಡಿಂಗ್ ಮುಗಿದ ದಿನವೇ ಎಲ್ಲ ಟ್ರ್ಯಾಕನ್ನೂ ಆಡಿಯೊ ಆಗಿ ಇಳಿಸಿ, ಕನಿಷ್ಠ ಇಬ್ಬರ ಹತ್ತಿರ ಇಟ್ಟು, ಯಾರು ಏನು ಮಾಡಿದರು ಎಂಬ ಪಟ್ಟಿಗೆ ಎಲ್ಲರ ಸಹಿ ಹಾಕಿಸುತ್ತೇನೆ. ವಿತರಕರ ಖಾತೆಯ ಪಾಸ್‌ವರ್ಡ್ ಒಬ್ಬರದ್ದೇ ಫೋನಿನಲ್ಲಿ ಇರಕೂಡದು. ಹುಡುಗರು ನಗುತ್ತಾರೆ, ನಮ್ಮ ನಮ್ಮಲ್ಲಿ ಇದೆಲ್ಲ ಯಾಕೆ ಕಾಕಾ ಅನ್ನುತ್ತಾರೆ. ಸದ್ದು ವಿನ್ಯಾಸ ಮಾಡಿದವನಿಗೆ ಸಂಗೀತದಲ್ಲಿ ಪಾಲು ಕೊಡಬೇಕೆ, ಬರೀ ಧ್ವನಿಮುದ್ರಣದಲ್ಲೋ, ಇದಕ್ಕೆ ಎಲ್ಲರಿಗೂ ಒಗ್ಗುವ ಉತ್ತರ ನನ್ನಲ್ಲಿಲ್ಲ. ಈ ತಂಡದಲ್ಲಿ ಗಾಂಧಾರ ತೆಗೆದ ಹಾಡುಗಳಿಗೆ ಗಾಯಕಿ, ಪ್ರೋಗ್ರಾಮರ್ ಇಬ್ಬರನ್ನೂ ಸಂಯೋಜಕರೆಂದು ಬರೆದೆವು, ಉಳಿದವಕ್ಕೆ ಗಾಯಕಿ ಒಬ್ಬಳೇ. ಹೊಸ ಖಾತೆಗೆ ವರ್ಗಾಯಿಸುವಾಗ ಪ್ರತಿ ಧ್ವನಿಮುದ್ರಣಕ್ಕೂ ಇರುವ ಗುರುತಿನ ಸಂಖ್ಯೆಗಳನ್ನು, ಅಂದರೆ ಹಳೆಯ ಐಎಸ್‌ಆರ್‌ಸಿ ಸಂಖ್ಯೆಗಳನ್ನೇ, ಉಳಿಸಿಕೊಂಡದ್ದರಿಂದ ಕೇಳಿದವರ ಲೆಕ್ಕ ಅಳಿಯಲಿಲ್ಲ.

ಅಷ್ಟೆಲ್ಲ ಮಾಡಿ ಲೆಕ್ಕ ತೆಗೆದಾಗ ಎದುರಾದದ್ದು ಇನ್ನೊಂದು. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ಹಣ ಎಣಿಸುವುದಿಲ್ಲ. ಒಂಬತ್ತರಲ್ಲಿ ಆ ಗಡಿ ದಾಟಿದ್ದು ಒಂದೇ ಹಾಡು, ಅಣ್ಣಾರ ರಿದಂ ಪ್ಯಾಡಿನ ಮೇಲೆ ನಿಂತ ಹಾಡು. ಅವರು ರಿಹರ್ಸಲ್‌ನಲ್ಲಿ ಬಾರಿಸಿದ್ದನ್ನು ಪ್ರೋಗ್ರಾಮರ್ ರೆಕಾರ್ಡ್ ಮಾಡಿ ಸುತ್ತಿಸಿದ್ದ. ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಮೂವರೂ ತಲೆ ತಗ್ಗಿಸಿ ಸೇರಿಸಿದರು, ಆ ಹಾಡಿನಲ್ಲಿ ಕಾಲು ಪಾಲು ಎಂದು ಬರೆದರು.

ಅಣ್ಣಾರ ಓದಿ ಕಾಗದ ಮಡಿಸಿ ವಾಪಸ್ ಕೊಟ್ಟರು. "ವರ್ಷಕ್ಕೊಮ್ಮೆ ಬರೂ ಈ ಚಿಲ್ಲರಿ ನನಗ ಬ್ಯಾಡ. ಒಂದು ದಿನದ ಪೇಮೆಂಟ್ ಕೊಡ್ರಿ, ಮುಗೀತು." ವಕೀಲರು ರಾಯಲ್ಟಿಯ ಹಕ್ಕು ಬಿಡಬೇಡಿ ಅಂದರು, ಗಾಯಕಿ ಹಟ ಹಿಡಿದಳು, ಅವರು ಕೇಳಲಿಲ್ಲ. ಕೊನೆಗೆ ಒಂದು ದಿನದ ಪೇಮೆಂಟ್ ಕೈಗೆ ಕೊಟ್ಟು, ಪಾಲನ್ನೂ ಹಾಗೇ ಬರೆದಿಟ್ಟು, ಅದು ಅವರ ಮಗಳ ಖಾತೆಗೆ ಹೋಗುವಂತೆ ಮಾಡಿದ್ದೇವೆ. ಮಗಳಿಗೆ ಹೇಳಿದ್ದೇವೆ, ಅಣ್ಣಾರಿಗೆ ಈ ಬರಹ ಓದಿದ ಮೇಲೆ ಗೊತ್ತಾಯಿತು. ಫೋನ್ ಮಾಡಿ ಬೈದರು, ಒಪ್ಪಿಗೆಯನ್ನೂ ಅದೇ ಫೋನಿನಲ್ಲಿ ಕೊಟ್ಟರು.